ಬಲಕ್ಕೆ ವಾಲುವ ಗಾಡಿ

ಮೂವತ್ತೊಂದು ವರ್ಷ ಲೆಕ್ಕೊ ಊರಲ್ಲಿ
ನನ್ನದು ಲೆಕ್ಕದ ಕೆಲಸ:
ಗಾಡಿ ತಪಾಸಣೆ. ಬ್ರೇಕು, ದೀಪ, ಹಾರನ್ನು, ಹೊಗೆ, ಸದ್ದು.
ಐದು ಕಾಲಂ, ಒಂದು ಸೀಲು,
ಸರೋವರಕ್ಕೆ ಬೆನ್ನು ಮಾಡಿ ಹಾಕಿದ ಕುರ್ಚಿ.

ಹೊಸ ಬೈಕು ಬಂದರೆ ಆರು ನಿಮಿಷ.
ಕೀಲಿ ತಿರುವುವುದೂ ಬೇಡ, ಜೇಬಿನಲ್ಲಿದ್ದರೆ ಸಾಕಂತೆ.
ಪರದೆ ಬೆಳಗಿ ಕೇಳುತ್ತದೆ:
ಇವತ್ತು ಹೇಗಿರಲಿ ಯಜಮಾನರೇ,
ಮಳೆಗೆ ತಕ್ಕಂತೆಯೋ, ಪೇಟೆಗೋ, ಪಂದ್ಯಕ್ಕೋ?
ಒಂದೂ ತಪ್ಪಿಲ್ಲ. ಸೀಲು. ಮುಂದಿನವರು.
ರಾತ್ರಿ ಊಟಕ್ಕೆ ಕೂತಾಗ
ಒಂದರ ಮುಖವೂ ನೆನಪಿಗೆ ಬರುವುದಿಲ್ಲ.

ನಿವೆಸ್ ಪೊಮಿ ಬರುವುದು ಎರಡು ವರ್ಷಕ್ಕೊಮ್ಮೆ,
ಅಕ್ಟೋಬರಿನಲ್ಲಿ, ಬೆಟ್ಟದ ಆಚೆಯಿಂದ,
ಚೀಸ್ ಕಾರ್ಖಾನೆಯ ಬಿಳಿ ಬೂಟಿನಲ್ಲೇ.
ಕಾಣುವ ಮೊದಲು ಕೇಳಿಸುತ್ತಾಳೆ:
ಸುರಂಗದೊಳಗೆ ಯಾರೋ ದಪ್ಪ ಗಂಟಲಲ್ಲಿ
ಹಳೇ ಜಗಳ ನೆನೆಸಿಕೊಂಡು ಬಂದ ಹಾಗೆ.
ಎಪ್ಪತ್ತನಾಲ್ಕರ ಗುಜ್ಜಿ. ಇದೇ ದಂಡೆಯ ರಸ್ತೆಯಲ್ಲಿ
ಹತ್ತು ಕಿಲೋಮೀಟರ್ ಮೇಲೆ, ಮಾಂದೆಲ್ಲೊದಲ್ಲಿ ಹುಟ್ಟಿದ್ದು.
ತವರಿಗೆ ಬಂದ ಹಾಗೆ ಬರುತ್ತದೆ, ಅಂದರೆ
ಏನಾದರೊಂದು ದೂರು ಗಂಟು ಕಟ್ಟಿಕೊಂಡೇ.

ಒಂದು ಸಲ ಹಾರನ್ನು ಮೂಗ.
ಒಂದು ಸಲ ಎಡಕ್ಕೆ ತಿರುಗುವ ದೀಪ ಹಾಕಿದರೆ
ಬ್ರೇಕಿನ ದೀಪ ನನ್ನನ್ನೇ ಕರೆದರು ಅಂದುಕೊಂಡಿತು.
ಸ್ಟ್ಯಾಂಡು ತಾನಾಗಿ ಮೇಲೆ ಹಾರುತ್ತದೆ, ನಂಬಬೇಡಿ
ಎಂದು ಅವಳು ಹೇಳುವಷ್ಟರಲ್ಲಿ ನನ್ನ ಮೊಣಕಾಲು ಪಾಠ ಕಲಿತಿತ್ತು.
ಮೀಟರಿನ ಮುಳ್ಳು ನಡುನಡುಗಿ ತೋರಿಸುವುದು
ವೇಗವನ್ನಲ್ಲ,
ವೇಗದ ಬಗ್ಗೆ ಅದಕ್ಕಿರುವ ಅಭಿಪ್ರಾಯವನ್ನು.

ನಿಂತಲ್ಲೇ ಒಮ್ಮೆ ಆಕ್ಸಿಲರೇಟರ್ ತಿರುವಿದರೆ
ಇಡೀ ಗಾಡಿ ಬಲಕ್ಕೆ ವಾಲುತ್ತದೆ.
ಕೆಟ್ಟಿದ್ದಲ್ಲ, ಎಂಜಿನ್ ಕೂರಿಸಿದ್ದೇ ಹಾಗೆ;
ಒಳಗಿನ ದಂಡ ಉದ್ದಕ್ಕೆ ಮಲಗಿದೆ,
ಅದು ಮಗ್ಗುಲಾದರೆ ಇದು ವಾಲಲೇಬೇಕು.
ಹೆಸರು ಹಿಡಿದು ಕೂಗಿದಾಗ ಭುಜ ತಿರುಗಿಸುವವರಿಲ್ಲವೇ, ಹಾಗೆ.
ಹೊಸದನ್ನು ಎಷ್ಟೇ ಕೂಗಿ,
ಹೇಳಿದ್ದು ಮಾಡುತ್ತದೆ. ಓಗೊಡುವುದಿಲ್ಲ.

ಇದನ್ನೆಲ್ಲ ಹೇಳಲು ನನಗೆ ಬಾಯಿಲ್ಲ, ಗೊತ್ತು.
ತೊಂಬತ್ತೆರಡರ ನವೆಂಬರು, ಬಲ್ಲಾಬಿಯೊ ತಿರುವಿನಲ್ಲಿ
ನನ್ನ ತಮ್ಮ ಲೆಯಾರ್ಕೊ ಬ್ರೇಕು ಹಿಡಿದ.
ಅವನದೂ ಅದೇ ವರ್ಷದ್ದು, ಅದೇ ಕೆಂಪು.
ಬ್ರೇಕು ಯೋಚನೆ ಮಾಡಿತು.
ಈಗ ಎಡಗಾಲು ಎಳೆಯುತ್ತಾ ಮೀನಂಗಡಿ ನಡೆಸುತ್ತಾನೆ,
ಹೊಸದೇ ಕೊಳ್ಳಿ ಎನ್ನುತ್ತಾನೆ ಕಂಡವರಿಗೆಲ್ಲ,
ಚಕ್ರ ಜಾರುವ ಮೊದಲೇ ಅದಕ್ಕೆ ತಿಳಿಯುತ್ತದಲ್ಲ.
ಸರಿಯಾದ ಮಾತು. ತೂಕದಲ್ಲಿ ಎಂದೂ ಮೋಸ ಮಾಡದ ಮನುಷ್ಯ.
ಆದರೂ ಆ ಅಕ್ಟೋಬರು ಬಂತೆಂದರೆ
ಮೀನಿನ ಮುಳ್ಳು ಬಿಡಿಸುತ್ತಾ, ತಲೆ ಎತ್ತದೆ,
'ಅವಳು ಬಂದಿದ್ದಳಾ? ಸದ್ದು ಹೇಗಿತ್ತು?'

ಈ ಸಲ ಮತ್ತೆ ಹಾರನ್ನು.
ಡಿಸೆಂಬರಿಗೆ ನಾನು ನಿವೃತ್ತ; ಮುಂದಿನ ಸಲ ಈ ಕುರ್ಚಿಯಲ್ಲಿ
ಯಾವನೋ ಹುಡುಗ, ಮೂಗ ಹಾರನ್ನಿಗೆ
ಮೂಗ ಎಂದೇ ಬರೆದುಕೊಳ್ಳುವವನು.
ಬರೆಯಲಿ, ತಪ್ಪೇನಿಲ್ಲ.
ನಾನು ಮಂಡಿಯೂರಿದೆ. ತಂತಿ ಬಿಚ್ಚಿ
ಮನೆಯ ಕೀಲಿಯಲ್ಲಿ ತುಕ್ಕು ಕೆರೆದೆ,
ಊದಿದೆ, ಬೈದೆ, ಮತ್ತೆ ಸಿಕ್ಕಿಸಿದೆ.
ನೆಗಡಿಯಾದ ಬಾತುಕೋಳಿಯಂತೆ ಕೂಗಿತು.
ಸೀಲು ಒತ್ತಿದೆ, ಸ್ವಲ್ಪ ಓರೆಯಾಗಿ, ಬಲಕ್ಕೆ.
ನಿವೆಸ್ ಒಂದು ಪೊಟ್ಟಣ ಚೀಸ್ ಮೇಜಿನ ಮೇಲಿಟ್ಟು
ಏನೂ ಹೇಳದೆ ಹೊರಟಳು.

ಐದೇ ನಿಮಿಷ. ಫೋನು.
ಸುರಂಗದ ಬಾಯಲ್ಲೇ ತಮ್ಮನ ಅಂಗಡಿ.
'ಏನು ಮಾಡಿ ಕಳಿಸಿದೆಯೋ ಮಾರಾಯ,
ಹಾರನ್ನು ಹಿಡಿದುಕೊಂಡಿದೆ, ನಿಲ್ಲುತ್ತಲೇ ಇಲ್ಲ,
ಬೀದಿಗೆ ಬೀದಿಯೇ ಬಾಗಿಲಿಗೆ ಬಂದಿದೆ' ಎಂದ ಲೆಯಾರ್ಕೊ.
ಅವನ ದನಿಯ ಹಿಂದೆ ದೂರ ದೂರವಾಗುತ್ತಾ
ಆ ಬಾತುಕೋಳಿ, ಅದರ ಕೆಳಗೆ ಆ ದಪ್ಪ ಗಂಟಲು.
ಫೋನು ಇಡಲಿಲ್ಲ ಅವನು.
ನಾನೂ ಇಡಲಿಲ್ಲ.